ದಮನಕನಿಗೆ ಶಿಕ್ಷೆಯೇ ಆಗಲಿಲ್ಲ

ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಭಾನುವಾರದ ತರಗತಿಗೆ ಹೋಗುವ ಹುಡುಗನೊಬ್ಬ ಪಂಚತಂತ್ರದ ಸಿಂಹ ಮತ್ತು ಎತ್ತಿನ ಕಥೆ ಓದಿದ. ಹಾಳೆಯ ಕೆಳಗೆ ‘ನೀತಿ’ ಎಂದು ಬಿಟ್ಟಿದ್ದ ಜಾಗದಲ್ಲಿ ಬರೆದ: ಚೆನ್ನಾಗಿ ಚಾಡಿ ಹೇಳಿದರೆ ಮಂತ್ರಿ ಕೆಲಸ ಸಿಗುತ್ತದೆ. ಅವನಮ್ಮ ಹಣೆ ಚಚ್ಚಿಕೊಂಡಳು. ಮೈಸೂರಿನಿಂದ ಬಂದಿದ್ದ ಅಜ್ಜಿ, ಅಂದರೆ ಈ ಲೇಖಕಿ, ನಗು ತಡೆಯಲಾರದೆ ಅಡುಗೆಮನೆಗೆ ಎದ್ದುಹೋದಳು.

ಹುಡುಗ ಸರಿಯಾಗಿಯೇ ಓದಿದ್ದ. ದಮನಕನೆಂಬ ನರಿ ಪಿಂಗಳಕ ಸಿಂಹಕ್ಕೂ ಸಂಜೀವಕ ಎತ್ತಿಗೂ ತಂದಿಟ್ಟು, ಎತ್ತನ್ನು ಕೊಲ್ಲಿಸಿ, ಸಂಸ್ಕೃತದ ಪ್ರಸಿದ್ಧ ಪಾಠದಲ್ಲಿ ಹಾಯಾಗಿ ರಾಜನ ಪಕ್ಕದಲ್ಲೇ ಉಳಿಯುತ್ತದೆ. 8ನೇ ಶತಮಾನದಲ್ಲಿ ಇದನ್ನು ಅರಬ್ಬಿಗೆ ತಂದ ಇಬ್ನ್ ಅಲ್‌ಮುಖಫ್ಫಾನಿಗೆ ಅದನ್ನು ಸಹಿಸಲಾಗಲಿಲ್ಲವೇನೋ; ನರಿಯನ್ನು ಕಟಕಟೆ ಹತ್ತಿಸಿ ಶಿಕ್ಷೆ ಕೊಡಿಸುವ ಅಧ್ಯಾಯವೊಂದನ್ನು ಹೊಸದಾಗಿ ಸೇರಿಸಿದ. ಮೂಲದ ವಿಷ್ಣುಶರ್ಮನ ಮುಂದೆ ಇದ್ದವರು ರಾಜ್ಯಭಾರ ಕಲಿಯಬೇಕಿದ್ದ ದಡ್ಡ ರಾಜಕುಮಾರರು. ಆಸ್ಥಾನದಲ್ಲಿ ಎಂಥೆಂಥವರಿರುತ್ತಾರೆ ಎಂದು ಅವರಿಗೆ ಗೊತ್ತಾಗಬೇಕಿತ್ತು, ಅಷ್ಟೆ. 1031ರ ಸುಮಾರಿಗೆ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನಂತೂ ಚಾಲುಕ್ಯ ಜಗದೇಕಮಲ್ಲನ ಸಂಧಿವಿಗ್ರಹಿ. ಚಾಡಿಕೋರರನ್ನು ದಿನ ಬೆಳಗಾದರೆ ನೋಡುತ್ತಿದ್ದವನೇ ಇರಬೇಕು.

ಟೆಕ್ಸಸ್‌ನಲ್ಲಿ ಪುರಾಣದ ಕಥೆಗಳಿಗೆ ಬರವಿಲ್ಲ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ಚಿನ್ಮಯ ಮಿಷನ್ನಿನ ಬಾಲವಿಹಾರಗಳಿವೆ. ಫ್ರಿಸ್ಕೋದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಬಳಗದ್ದು. ಅಲ್ಲಿಗೆ ಹೋದರೆ ಅಜ್ಜಿಗೆ ಊರಿನವರೇ ಸಿಕ್ಕಿದಷ್ಟು ಸಮಾಧಾನ. 2023ರ ಗುರುಪೂರ್ಣಿಮೆಗೆ ಪಕ್ಕದ ಆಲೆನ್‌ನಲ್ಲಿ ನಾಲ್ಕು ವರ್ಷದವರಿಂದ ಎಂಬತ್ತನಾಲ್ಕು ವರ್ಷದವರವರೆಗೆ ಸುಮಾರು 10,000 ಜನ ಒಟ್ಟಿಗೆ ಕೂತು ಗೀತೆ ಹೇಳಿದ್ದರು. ಮನೆಯ ಕಪಾಟಿನಲ್ಲಿ ಅಮರ ಚಿತ್ರ ಕಥೆಯಂತೂ ಇದ್ದೇ ಇದೆ. ದೆಹಲಿಯ ಟಿ.ವಿ. ಕ್ವಿಜ್ ಒಂದರಲ್ಲಿ ಮಕ್ಕಳು ಗ್ರೀಕ್ ದೇವತೆಗಳ ಬಗ್ಗೆ ಪಟಪಟ ಹೇಳಿ, ರಾಮನ ತಾಯಿಯ ಹೆಸರಿಗೆ ಬಾಯಿ ಕಟ್ಟಿ ನಿಂತದ್ದನ್ನು ಕಂಡು 1967ರಲ್ಲಿ ಆ ಮಾಲೆಗೆ ಕೈಹಾಕಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಈಗ ಫ್ರಿಸ್ಕೋದ ಹುಡುಗನಿಗೆ ಕೌಸಲ್ಯೆ ಗೊತ್ತು. ಅವನ ತಕರಾರುಗಳೇ ಬೇರೆ.

ಹ್ಯೂಸ್ಟನ್ ಕಡೆಯ ಷುಗರ್ ಲ್ಯಾಂಡಿನ ಅಷ್ಟಲಕ್ಷ್ಮಿ ದೇವಸ್ಥಾನದಲ್ಲಿ 2024ರ ಆಗಸ್ಟಿನಲ್ಲಿ 90 ಅಡಿಯ ಹನುಮಂತ ಎದ್ದು ನಿಂತ. ಮಗಳ ಮನೆ ಅಲ್ಲೇ ಹತ್ತಿರ. ಕತ್ತು ಎತ್ತಿ ನೋಡುತ್ತಲೇ ಆ ಮನೆಯ ಮೊಮ್ಮಗ ಕೇಳಿದ: “ಅಜ್ಜಿ, ಲಂಕೆಗೆ ಬೆಂಕಿ ಹಚ್ಚಿದಾಗ ಅಲ್ಲಿ ಮಕ್ಕಳಿರಲಿಲ್ವಾ?” ಸುತ್ತ ಇದ್ದವರು ತಿರುಗಿ ನೋಡಿದರು. ಅಜ್ಜಿ ಅವನನ್ನು ಗದರಿಸಲಿಲ್ಲ, ಯಾಕೆಂದರೆ ವಾಲ್ಮೀಕಿಯ ಹನುಮಂತನೂ ಬಾಲ ಆರಿಸಿಕೊಂಡ ಮೇಲೆ ಉರಿಯುವ ಊರು ನೋಡಿ ತನ್ನ ಕೋಪವನ್ನು ತಾನೇ ಬೈದುಕೊಳ್ಳುತ್ತಾನೆ. ಅವನ ಆತಂಕ ಸೀತೆಗೆ ಏನಾಯಿತೋ ಎಂಬುದು. ಹುಡುಗನದು ಇನ್ನೂ ಒಂದು ಬೀದಿ ಮುಂದೆ ಹೋಗಿತ್ತು.

ಇದೇ ಹುಡುಗ ಚಿಕ್ಕವನಿದ್ದಾಗ ಕಾಗಕ್ಕ ಗುಬ್ಬಕ್ಕನ ಕಥೆಯನ್ನೂ ಅರ್ಧಕ್ಕೆ ನಿಲ್ಲಿಸಿದ್ದ. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತದ ಮಳೆ ಹ್ಯೂಸ್ಟನ್ನನ್ನು ಮುಳುಗಿಸಿ ಹೋದ ಮರುವರ್ಷವಿರಬೇಕು. ಸಗಣಿಯ ಮನೆ ಕರಗಿ, ಕಾಗಕ್ಕ ನೆನೆಯುತ್ತ ಬಂದು ಬಾಗಿಲು ತಟ್ಟುತ್ತಾಳೆ. ಒಳಗಿನಿಂದ ಗುಬ್ಬಕ್ಕ ಮಗುವಿಗೆ ಸ್ನಾನ ಆಗಲಿ, ಊಟ ಆಗಲಿ ಎಂದು ಸಬೂಬು ಹೇಳುತ್ತಾಳೆ. ಊರಿನಲ್ಲಿ ಮಕ್ಕಳು ನಗುವ ಜಾಗ ಅದು. ಇವನು ಸಿಟ್ಟಾದ. ಆ ನೆರೆಯಲ್ಲಿ ಗ್ಯಾಲರಿ ಫರ್ನಿಚರ್ ಎಂಬ ಅಂಗಡಿಯವರು ಶೋರೂಮಿನ ಬಾಗಿಲು ತೆಗೆದು, ಮಾರುವ ಹಾಸಿಗೆಗಳ ಮೇಲೇ ಜನರನ್ನು ಮಲಗಿಸಿದ್ದನ್ನು ಅಪ್ಪ ಅಮ್ಮ ಹೇಳುವುದನ್ನು ಕೇಳಿ ಬೆಳೆದವನು. ಅವನ ಪ್ರಕಾರ ಕಥೆಯಲ್ಲಿ ಕೆಟ್ಟವಳು ಗುಬ್ಬಕ್ಕ. ಗಟ್ಟಿಮನೆ ಕಟ್ಟಿಕೊಂಡವರೇ ಜಾಣರೆಂದು ತಲೆಮಾರುಗಳಿಂದ ಹೇಳಿಕೊಂಡು ಬಂದ ಅಜ್ಜಿಯರ ಪರವಾಗಿ ಈ ಅಜ್ಜಿಗೆ ವಾದ ಹೂಡಲು ಆಗಲಿಲ್ಲ.

ಅವಳ ಅಜ್ಜಿ ಕೈತುತ್ತು ಹಾಕುತ್ತ ಹೇಳಿದ ಕಥೆಗಳಿಗೆ ನೀತಿಯ ಬಾಲವೇ ಇರಲಿಲ್ಲ. ಕಥೆ ಮುಗಿಯುವಷ್ಟರಲ್ಲಿ ಮಜ್ಜಿಗೆ ಅನ್ನ ಬಂದಿರುತ್ತಿತ್ತು. ಕೊನೆಯಲ್ಲಿ ಒಂದು ಸಾಲು ಬರೆಸಿ ಅಂಕ ಹಾಕುವುದು ಶಾಲೆಯ ಚಟ ಎಂದೇ ಅವಳ ಅಭಿಪ್ರಾಯ. ಪ್ರಶ್ನೆ ಕೇಳಿ ಸುಮ್ಮನಾಗುವ ಬೇತಾಳವೇ ವಾಸಿ.

ಬೇತಾಳಕ್ಕೆ ಆಸ್ಟಿನ್‌ಗಿಂತ ಒಳ್ಳೆಯ ಊರಿಲ್ಲ. ಅಲ್ಲಿನ ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು 1980ರಲ್ಲಿ ನವೀಕರಿಸಿದಾಗ ಅಡಿಯಲ್ಲಿ ಉಳಿದ ಸಂದುಗಳಿಗೆ ಬಾವಲಿಗಳು ಬಂದು ಸೇರಿದವು. ಬೇಸಿಗೆಯಲ್ಲಿ ಹದಿನೈದು ಲಕ್ಷದವರೆಗೆ ತಲೆಕೆಳಗಾಗಿ ಜೋತು ಬಿದ್ದಿರುತ್ತವೆ. ಸಂಜೆಗೆ ಹೊರಡುವ ಹಿಂಡು ನೋಡಲು ಜನ ಸೇತುವೆ ಮೇಲೆ ಸಾಲುಗಟ್ಟುತ್ತಾರೆ. ಕಾಯುತ್ತ ಅಜ್ಜಿ ನಾಲ್ಕು ಜನ ಅಣ್ಣತಮ್ಮಂದಿರ ಕಥೆ ತೆಗೆದಳು. ಕಾಡಿನಲ್ಲಿ ಸಿಕ್ಕ ಮೂಳೆಗೆ ಒಬ್ಬ ಮಾಂಸ ತುಂಬಿದ, ಒಬ್ಬ ಚರ್ಮ ಹೊದಿಸಿದ, ಒಬ್ಬ ಕೈಕಾಲು ಜೋಡಿಸಿದ, ಕೊನೆಯವನು ಜೀವ ಕೊಟ್ಟ. ಎದ್ದ ಸಿಂಹ ನಾಲ್ವರನ್ನೂ ತಿಂದಿತು. ತಪ್ಪು ಯಾರದು?

“ಟೆಸ್ಟಿಂಗ್ ಮಾಡಲಿಲ್ವಾ ಅವರು?” ಎಂದಳು ಮೊಮ್ಮಗಳು. ಸಾಫ್ಟ್‌ವೇರಿನಲ್ಲಿರುವ ಅವಳಪ್ಪ, ಜೀವ ಕೊಟ್ಟವನದೇ ತಪ್ಪು, ಅಷ್ಟು ಹೊತ್ತಿಗೆ ಅದು ಸಿಂಹವೆಂದು ಕಾಣುತ್ತಿತ್ತಲ್ಲ ಎಂದ. ವಿಕ್ರಮನ ಉತ್ತರವೂ ಅದೇ. ಮಗಳು ಒಪ್ಪಲಿಲ್ಲ: ಯಾವ ಪ್ರಾಣಿಯ ಮೂಳೆ ಅಂತ ಮೊದಲನೆಯವನು ಯಾಕೆ ಕೇಳಲಿಲ್ಲ? ಜಗಳ ನಡೆಯುತ್ತಿದ್ದಂತೆಯೇ ಬಾವಲಿಗಳು ಹೊರಟುಹೋದವು, ಅರ್ಧದಷ್ಟನ್ನು ಮೂವರೂ ನೋಡಲೇ ಇಲ್ಲ. ಅಪ್ಪ ಬಾಯಿಬಿಟ್ಟು ಉತ್ತರ ಹೇಳಿಬಿಟ್ಟಿದ್ದರಿಂದ ಬೇತಾಳ ಮತ್ತೆ ಮರ ಹತ್ತಿದೆ, ನಿಯಮದ ಪ್ರಕಾರ ಇನ್ನೊಂದು ಕಥೆ ಆಗಲೇಬೇಕು ಎಂದು ಹುಡುಗಿ ಹಟ ಹಿಡಿದಳು. ಪಾರ್ಕಿಂಗಿಗೆ ಕಟ್ಟಿದ ದುಡ್ಡಿನ ಹೊತ್ತು ಮುಗಿಯುತ್ತ ಬಂದಿತ್ತು.