ಓದಿ ಹೇಳದ ಕಾಗದ

ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ಕೆಎಎಸ್, ಪಿಡಿಒ, ಪೊಲೀಸ್ ಪರೀಕ್ಷೆ ಅಂತ ಓದುವ ಮಕ್ಕಳು ಸಾಕಷ್ಟಿದ್ದಾರೆ. ಕೂತು ಓದಲು ಜಾಗವಿಲ್ಲ. ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರೆ, ಇರುವುದು ಪಕ್ಕದ ಊರಿನಲ್ಲಿ. ಸಂಜೆ ಬಸ್ಸು ತಪ್ಪಿದರೆ ಹೆಣ್ಣುಮಕ್ಕಳಿಗೆ ಕಷ್ಟ. ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಊರಿಗೆ ಬಂದವನಿಗೆ ಒಂದು ಓದುವ ಕೋಣೆ ಕಟ್ಟಿಸಬೇಕೆಂಬ ಹಂಬಲ ಹತ್ತಿತು. ಸಂಸದರ ನಿಧಿಗೆ ಅರ್ಜಿ ಹಾಕಿದೆ.

ಅರ್ಜಿ ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ಓದುವ ಮಕ್ಕಳ ಪಟ್ಟಿ, ಜಾಗದ ಫೋಟೊ, ಪತ್ರಿಕೆಯ ತುಣುಕು ಎಲ್ಲ ಸೇರಿಸಿ ಕಡತ ಮಾಡಿದೆ. ಶಿಫಾರಸು ಪತ್ರವೂ ಬಂತು. ಪತ್ರ ಬಂದರೆ ದುಡ್ಡು ಬಂದಂತೆ ಎಂದೇ ತಿಳಿದೆ. ಊರಿನ ರಾಜ್ಯೋತ್ಸವದಲ್ಲಿ ಮೈಕು ಹಿಡಿದು, ಯುಗಾದಿಗೆ ಪಾಯ ಹಾಕುತ್ತೇವೆ ಅಂದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು.

ಒಬ್ಬ ಸಂಸದರಿಗೆ ವರ್ಷಕ್ಕೆ ಈ ನಿಧಿಯಲ್ಲಿ ಸಿಗುವುದು 5 ಕೋಟಿ ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಲೋಕಸಭಾ ಕ್ಷೇತ್ರವೆಂದರೆ ಎಂಟು ವಿಧಾನಸಭಾ ಕ್ಷೇತ್ರ. ಅಷ್ಟೂ ಊರುಗಳು ಅದೇ 5 ಕೋಟಿಯತ್ತ ನೋಡುತ್ತಿರುತ್ತವೆ. ಸಂಸದರು ಶಿಫಾರಸು ಮಾಡಬಹುದು, ಮಂಜೂರು ಮಾಡುವುದು ಜಿಲ್ಲಾಡಳಿತ. ಶಾಶ್ವತವಾದ, ಎಲ್ಲರಿಗೂ ಸೇರಿದ ಆಸ್ತಿ ಆಗಬೇಕು. ಹಾಗಾಗಿ ಜಾಗದ ದಾಖಲೆ ಬೇಕು, ಊರವರ ತಕರಾರಿಲ್ಲವೆಂಬ ನಡಾವಳಿ ಬೇಕು ಎಂದು ಅಲ್ಲಿಯವರು ನನಗೆ ತಿಳಿಸಿದರು.

ನಾನು ತೋರಿಸಿದ್ದು ಅರಳಿಕಟ್ಟೆ ಪಕ್ಕದ ಬಯಲು. ಚಿಕ್ಕಂದಿನಲ್ಲಿ ಅಲ್ಲಿ ರಾಗಿ ತೆನೆ ಹರಡಿ ರೋಣುಗಲ್ಲು ಹೊಡೆಯುತ್ತಿದ್ದುದನ್ನು ಕಂಡವನು ನಾನು. ಯಾರು ಯಾರೋ ಬಂದು ಒಕ್ಕಣೆ ಮಾಡಿಕೊಂಡು ಹೋಗುತ್ತಿದ್ದರು. ಊರಿನ ಜಾಗವೇ ಇರಬೇಕು ಅಂದುಕೊಂಡೆ. ಪಹಣಿ ತೆಗೆಸಲಿಲ್ಲ.

ನಡಾವಳಿಗೆ ವಾರ್ಡ್ ಸಭೆ, ಗ್ರಾಮಸಭೆ ಎಂದು ಕಾಯುವ ತಾಳ್ಮೆಯೂ ಇರಲಿಲ್ಲ. ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ ಸೇರಬೇಕು, ಬಂದವರಲ್ಲಿ ಶೇ 30ರಷ್ಟಾದರೂ ಹೆಂಗಸರಿರಬೇಕು ಎಂದು ಕಾನೂನಿದೆ. ನಾನು ಮನೆಯಲ್ಲೇ ಒಕ್ಕಣೆ ಬರೆದು, ಶಾಯಿ ಪ್ಯಾಡು ಹಿಡಿದು ಮನೆಮನೆ ಹತ್ತಿಳಿದೆ. "ಲೈಬ್ರರಿಗೆ ತಾಯಿ, ಒಂದು ಸಹಿ" ಅನ್ನುವುದು, ಮುಂದಿನ ಮನೆಗೆ ಹೋಗುವುದು. ಮೇಷ್ಟ್ರು ಕೇಳಿದರೆ ಯಾರು ಇಲ್ಲ ಅಂತಾರೆ? ಕಟ್ಟೆಯ ಹಿಂದಿನ ಬೀದಿಯ ಅಜ್ಜಿಯೊಬ್ಬರು ಕೈ ಒದ್ದೆಯಾಗಿದೆ ಎಂದು ಸೆರಗಿಗೆ ಒರೆಸಿಕೊಂಡು ಬೆರಳು ಮುಂದೆ ಮಾಡಿದರು. ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿಸಿದೆ.

ಕಂದಾಯದವರು ಪಹಣಿ ನೋಡಿದಾಗ ಆ ಬಯಲು 'ಎ ಖರಾಬು' ಎಂದಿತ್ತು. ಖರಾಬು ಅಂದಮೇಲೆ ಸರ್ಕಾರದ್ದೇ ಅಲ್ಲವೇ ಅಂದೆ. ಅಲ್ಲವಂತೆ. ದಾರಿ, ಕೆರೆ, ಸ್ಮಶಾನದಂಥವು ಬಿ ಖರಾಬು, ಅವು ಸಾರ್ವಜನಿಕ. ಸಾಗುವಳಿಗೆ ಬಾರದ ನೆಲ, ರೈತನ ಸ್ವಂತ ಕಣ ಇವು ಎ ಖರಾಬು. ಕಂದಾಯ ಕಟ್ಟುವುದಿಲ್ಲವೇ ಹೊರತು ಜಾಗ ಹಿಡುವಳಿದಾರನದೇ. 1966ರ ಭೂಕಂದಾಯ ನಿಯಮಗಳಲ್ಲಿ ಕಣದ ಹೆಸರೇ ಹೇಳಿದೆ. ಹಿಡುವಳಿದಾರನ ಕಾಲಂನಲ್ಲಿ ಆ ಅಜ್ಜಿಯ ತೀರಿಹೋದ ಗಂಡನ ಹೆಸರಿತ್ತು. ಪೌತಿ ಖಾತೆ ಇನ್ನೂ ಆಗಿರಲಿಲ್ಲ.

ಸಂಜೆ ಅವರ ಮಗ ಬಂದ. "ಅಮ್ಮನ ಕೈಲಿ ಹೆಬ್ಬೆಟ್ಟು ಒತ್ತಿಸ್ಕೊಂಡ್ರಂತೆ ಮೇಷ್ಟ್ರೇ, ಅದರಲ್ಲಿ ಏನಂತ ಬರ್ದಿದ್ರಿ?" ಪ್ರತಿ ತೆಗೆದು ಓದಿದೆ. ಸದರಿ ಜಾಗವು ಸಾರ್ವಜನಿಕ ಸ್ವತ್ತಾಗಿದ್ದು ನಮ್ಮದು ಯಾವುದೇ ತಕರಾರು ಇರುವುದಿಲ್ಲ. ಓದುವಾಗ ನಾಲಿಗೆ ಒಣಗಿತು. ಅವನು ಕೂಗಾಡಲಿಲ್ಲ, ನನ್ನ ಹತ್ತಿರವೇ ಏಳನೇ ಕ್ಲಾಸು ಓದಿದವನು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಾಟೀನು ಹಿಡಿದು ಇದೇ ಬೀದಿಗಳಲ್ಲಿ, ಓದದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ ಎಂದು ಹೇಳಿಕೊಂಡು ತಿರುಗಿದವನು ನಾನು. ಆ ರಾತ್ರಿ ಊಟ ಸೇರಲಿಲ್ಲ.

ಬೆಳಿಗ್ಗೆ ಅಜ್ಜಿಯ ಮನೆಗೆ ಹೋದೆ. ರಾಗಿ ಕೇರುತ್ತಿದ್ದರು. "ಓದಿ ಹೇಳ್‌ಬೌದಿತ್ತಲ್ಲ ಮೇಷ್ಟ್ರೇ. ನಿಮ್ ಮುಖ ನೋಡಿ ಒತ್ತಿದ್ದು" ಅಂದರು. ಮೊರ ಕೆಳಗಿಡಲಿಲ್ಲ, ಕೂತ್ಕಳಿ ಅನ್ನಲೂ ಇಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ಅರ್ಜಿ ವಾಪಸು ತೆಗೆದುಕೊಂಡೆ. ಯುಗಾದಿ ಬಂತು, ಪಾಯ ಎಲ್ಲಿ ಎಂದು ಕೇಳಿದವರಿಗೆಲ್ಲ ನಡೆದದ್ದನ್ನು ನಡೆದಂತೆ ಹೇಳಿದೆ. ಜಾಗದ ದಾಖಲೆ, ನಡಾವಳಿ ಇವೆಲ್ಲ ಕೆಲಸ ತಡೆಯುವ ಕಿರಿಕಿರಿ ಎಂದೇ ನಾನು ಮೊದಲಿನಿಂದ ನಂಬಿದ್ದೆ. ಆ ಮನೆಯ ಕಣ ಉಳಿದದ್ದು ಅದೇ ಕಿರಿಕಿರಿಯಿಂದ. ಒಳ್ಳೆಯ ಕೆಲಸಕ್ಕೆ ಹೊರಟಿದ್ದೇನೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ದುಡ್ಡು ಕೊಡುವವರಿಗೆ ಪುಟಗಟ್ಟಲೆ ವಿವರಿಸಿದ ನಾನು, ಕೋಣೆ ಯಾರಿಗಾಗಿಯೋ ಅವರನ್ನು ಒಂದು ಮಾತು ಕೇಳಿರಲಿಲ್ಲ.

ಮುಂದಿನ ವಾರ್ಡ್ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹೆಂಗಸರು ಮೊದಲು ಎತ್ತಿದ್ದು ಸಿಸ್ಟನ್ನಿನ ಸುತ್ತ ನಿಲ್ಲುವ ಕೊಳೆನೀರಿನ ಮಾತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಪಂಚಾಯಿತಿಗೆ ಬರುತ್ತಿದ್ದ ಹಣದ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅಂದರೆ ಅವರು ಕೇಳುತ್ತಿದ್ದ ಚರಂಡಿಗೆ ದಾರಿ ಇಲ್ಲೇ, ನಮ್ಮ ಪಂಚಾಯಿತಿಯಲ್ಲೇ ಇತ್ತು. ಕ್ರಿಯಾ ಯೋಜನೆಯಲ್ಲಿ ಅದು ಮೊದಲು ಸೇರಿತು, ಸೇರಬೇಕಾದದ್ದೂ ಅದೇ. ಓದುವ ಕೋಣೆಯ ಸರದಿ ಬಂದಾಗ ಪದವಿ ಮುಗಿಸಿದ ಹುಡುಗಿಯೊಬ್ಬಳು ಎದ್ದು ನಿಂತಳು. "ಕಟ್ಟೆ ಹತ್ರ ಕಟ್ಟಿಸಿದ್ರೂ ನಾವ್ ಬರ್ತಿರ್ಲಿಲ್ಲ ಸರ್. ಸಂಜೆ ಅಲ್ಲಿ ಇಸ್ಪೀಟ್ ಆಡ್ತಾರೆ." ನನ್ನ ಅರ್ಜಿಯ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು.

ಶಾಲೆಯ ಹಿಂದೆ, ಅಂಗನವಾಡಿ ಪಕ್ಕ ಆದರೆ ಬರುತ್ತೇವೆ ಎಂದು ಹುಡುಗಿಯರೇ ಜಾಗ ತೋರಿಸಿದರು. ಅದು ಶಾಲೆಯ ಹೆಸರಿನಲ್ಲಿದೆ; ಪಹಣಿಯನ್ನು ಸಭೆಯಲ್ಲೇ ಎಲ್ಲರೆದುರು ಓದಿದೆವು. ಎಸ್‌ಡಿಎಂಸಿ ಒಪ್ಪಿಗೆ ಕೊಟ್ಟಿದೆ. ಇಲಾಖೆಯ ನಿರಾಕ್ಷೇಪಣಾ ಪತ್ರ ಇನ್ನೂ ಬರಬೇಕು. ಅದು ಬಂದ ಮೇಲೆ ಅರ್ಜಿ ಬರೆಯುವವಳು ಆ ಹುಡುಗಿಯೇ.