ಫರಸಿ, ಹೊಸ್ತಿಲು ಮತ್ತು ಕಸ ಹೊಡೆಯುವ ಯಂತ್ರ

ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ಕಸ ಹೊಡೆದು ನೆಲ ಒರೆಸುವ ರೋಬೋಟ್ ಬಂದಿದೆ. ಇಂಡಿ ಪಂಪ್ ಕಡೆಯ ಹೊಸ ಅಪಾರ್ಟ್‌ಮೆಂಟಿನಲ್ಲಿ ಒಂದು, ಓಣಿಯ ಮೂಲೆಯ ಆರ್‌ಸಿಸಿ ಮನೆಯಲ್ಲಿ ಇನ್ನೊಂದು, ನಮ್ಮ ಎದುರಿನ ತೊಲೆ-ಜಂತೆಯ ಹಳೆಯ ಮನೆಯಲ್ಲಿ ಮತ್ತೊಂದು. ಎಲ್ಲವೂ ಹೆಚ್ಚುಕಡಿಮೆ ಒಂದೇ ನಮೂನೆ: ದುಂಡಗೆ, ಒಂದಡಿಗಿಂತ ತುಸು ಅಗಲ, ಸುಮಾರು 10 ಸೆಂಟಿಮೀಟರ್ ಎತ್ತರ, ತಲೆಯ ಮೇಲೊಂದು ಗಿಡ್ಡ ಗೋಪುರ. ಆದರೆ ಅಪಾರ್ಟ್‌ಮೆಂಟಿನವರು ಇದಿಲ್ಲದೆ ಆಗುವುದೇ ಇಲ್ಲ ಅನ್ನುತ್ತಾರೆ, ಮೂಲೆಮನೆಯವರು ರೊಕ್ಕ ಹಾಳು ಅನ್ನುತ್ತಾರೆ, ಎದುರು ಮನೆಯವರ ಮಾತು ದಿನಕ್ಕೊಂದು ತೆರ. ಒಂದೇ ಯಂತ್ರದ ಬಗ್ಗೆ ಇಷ್ಟು ಬೇರೆ ಬೇರೆ ಮಾತು ಯಾಕೆ ಎಂದು ತಿಳಿಯದೆ ನೋಡಿದ್ದನ್ನು ಬರೆದಿಡುತ್ತಿದ್ದೇನೆ.

*

1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳು ಹೀರುವ ಯಂತ್ರ ಮಾಡಿದಾಗ ಅದು ಮನೆಯೊಳಗೆ ಹೋಗುತ್ತಲೇ ಇರಲಿಲ್ಲ. ಕುದುರೆ ಎಳೆಯುವ ಗಾಡಿಯ ಮೇಲೆ ಕೂತು ಬೀದಿಯಲ್ಲಿ ನಿಲ್ಲುತ್ತಿತ್ತು, ಉದ್ದದ ಪೈಪುಗಳು ಕಿಟಕಿಯಿಂದ ಒಳಗೆ ಹೋಗುತ್ತಿದ್ದವು. ಸರಿಯಾಗಿ ನೂರು ವರ್ಷಕ್ಕೆ, 2001ರಲ್ಲಿ, ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ ತಾನೇ ತಿರುಗಾಡಿ ಕಸ ಹೀರುವ ‘ಟ್ರೈಲೊಬೈಟ್’ ಮಾರಾಟಕ್ಕೆ ತಂದಿತು. ಮರುವರ್ಷ ಅಮೆರಿಕದ ‘ರೂಂಬಾ’ ಬಂತು. ಅದನ್ನು ಮಾಡಿದ ಐರೋಬೋಟ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ರಾಡ್ನಿ ಬ್ರೂಕ್ಸ್ 1980ರ ದಶಕದಿಂದ ಎಂಐಟಿಯಲ್ಲಿ ಒಂದು ವಾದ ಮಾಡುತ್ತಿದ್ದರು: ರೋಬೋಟಿಗೆ ಜಗತ್ತಿನ ಪೂರ್ತಿ ನಕ್ಷೆ ಬೇಕಿಲ್ಲ, ಎದುರಿಗೆ ಬಂದದ್ದಕ್ಕೆ ತಕ್ಕಂತೆ ನಡೆದುಕೊಂಡರೆ ಸಾಕು. ಮೊದಲ ರೂಂಬಾ ಹಾಗೆಯೇ ನಡೆಯುತ್ತಿತ್ತು. ಗೋಡೆಗೆ ಹಾಯ್ದರೆ ಹೊರಳಿ ಬೇರೆ ದಿಕ್ಕಿಗೆ ಹೋಗುವುದು, ಅಷ್ಟೇ.

ಈಗಿನವು ಹಾಗಲ್ಲ. ತಲೆಯ ಗೋಪುರದೊಳಗೆ ಲೇಸರ್ ತಿರುಗುತ್ತದೆ. ಬೆಳಕು ಗೋಡೆಗೆ ಬಡಿದು ವಾಪಸ್ ಬರುವುದರಿಂದ ದೂರ ಅಳೆದು ಮನೆಯ ನಕ್ಷೆ ಬರೆದುಕೊಳ್ಳುತ್ತದೆ.

ಎದುರು ಮನೆಯ ಕಾಕಾ ಆ ನಕ್ಷೆಯನ್ನು ಫೋನಿನಲ್ಲಿ ತೋರಿಸಿದರು. ಅವರ ಅಜ್ಜ ಕಟ್ಟಿಸಿದ ಮನೆ. ಗೌಂಡಿ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಕಟ್ಟಿದ್ದು, ಕಾಗದದ ಪ್ಲಾನ್ ಎಂದೂ ಇರಲಿಲ್ಲ. ಯಂತ್ರ ಬರೆದ ಚಿತ್ರದಲ್ಲಿ ಪಡಸಾಲೆಯ ಬಲಗೋಡೆ ಸೊಟ್ಟಗಿತ್ತು, ಬಾಗಿಲ ಕಡೆ ಅಗಲ, ಒಳಗೆ ಹೋದಂತೆ ಕಿರಿದು. ಕಂಬಗಳು ಚುಕ್ಕಿಗಳಾಗಿ ಕಂಡವು. ಕಾಕಾ ಟೇಪು ತಂದು ಎರಡೂ ತುದಿ ಅಳೆದರು. ಯಂತ್ರ ತೋರಿಸಿದ್ದೇ ಖರೆ. ಹುಟ್ಟಿದಾಗಿನಿಂದ ಅದೇ ಪಡಸಾಲೆಯಲ್ಲಿ ಮಲಗಿ ಎದ್ದವರು ಬಹಳ ಹೊತ್ತು ಆ ಗೋಡೆಯನ್ನೇ ನೋಡುತ್ತ ನಿಂತರು. ಬೇರೆ ಯಾವುದಕ್ಕಲ್ಲದಿದ್ದರೂ ಆ ನಕ್ಷೆಗಾಗಿ ಯಂತ್ರದ ಮೇಲೆ ನನಗೆ ಗೌರವ ಬಂತು.

*

ಆದರೆ ನಕ್ಷೆ ಪಡಸಾಲೆಯಲ್ಲೇ ಮುಗಿಯುತ್ತದೆ. ಮುಂದೆ ಹೊಸ್ತಿಲು.

ಈ ಯಂತ್ರಗಳಲ್ಲಿ ಹೆಚ್ಚಿನವು ಸುಮಾರು 2 ಸೆಂಟಿಮೀಟರ್ ಎತ್ತರ ಹತ್ತುತ್ತವೆ. ಹಳೆಯ ಮನೆಯ ಕಟ್ಟಿಗೆ ಹೊಸ್ತಿಲು ನಾಲ್ಕೈದು ಇಂಚು ಇರುತ್ತದೆ. ಪಡಸಾಲೆಯಿಂದ ನಡುಮನೆ, ನಡುಮನೆಯಿಂದ ಅಡಿಗೆಮನೆ, ಪ್ರತಿ ಸಲ ಯಾರಾದರೂ ಬಗ್ಗಿ ಎತ್ತಿ ಆಚೆ ಇಡಬೇಕು. ಬಗ್ಗುವುದು ತಪ್ಪಲೆಂದು ತಂದ ಯಂತ್ರಕ್ಕೆ ಬಗ್ಗಬೇಕಾಗಿ ಬಂದಿದೆ. ಇಳಿಜಾರಿನ ಪಟ್ಟಿ ಮಾಡಿಸಿ ಹೊಸ್ತಿಲಿಗೆ ಹಚ್ಚಬಹುದು ಎಂದು ಕಾಕಾನ ಮಗ ಹೇಳಿದ. ಶುಕ್ರವಾರ ಅರಿಷಿಣ-ಕುಂಕುಮ ಏರಿಸುವ ಹೊಸ್ತಿಲಿನ ಮೇಲೆ ಪಟ್ಟಿ ಹೊಡೆಸಲು ಅಜ್ಜಿ ಒಪ್ಪಲಿಲ್ಲ. ಅಜ್ಜಿಯ ಮಾತೇ ಸರಿ ಅನಿಸಿತು. ಅಪಾರ್ಟ್‌ಮೆಂಟಿನಲ್ಲಿ ಎಲ್ಲ ಕೋಣೆಗೂ ಒಂದೇ ಮಟ್ಟದ ಟೈಲ್ಸ್, ಹೊಸ್ತಿಲೆಂದರೆ ಮುಂಬಾಗಿಲಿಗೆ ಮಾತ್ರ. ಅಲ್ಲಿ ಯಂತ್ರ ಸರಾಗ ಓಡಾಡುತ್ತದೆ.

*

ಮೂಲೆಮನೆಯದು ಬೇರೆಯೇ ತೊಡಕು. ಕೋಣೆಗಳಿಗೆಲ್ಲ ಬೂದು ಬಣ್ಣದ ಶಹಾಬಾದ್ ಫರಸಿ, ಅಡಿಗೆಮನೆಗೆ ಕರಿ ಕಡಪಾ ಕಲ್ಲು. ಯಂತ್ರ ಅಡಿಗೆಮನೆಯ ಬಾಗಿಲತನಕ ಬಂದು ನಿಂತು ಹಿಂದೆ ಸರಿಯುತ್ತದೆ. ಮತ್ತೆ ಬರುತ್ತದೆ, ಮತ್ತೆ ಸರಿಯುತ್ತದೆ. ಹೊಸ್ತಿಲಿಲ್ಲ, ಅಡ್ಡ ಏನೂ ಇಲ್ಲ. ಮನೆಯವರು ಅಂಗಡಿಗೆ ಒಯ್ದು ತೋರಿಸಿದರು, ಅಂಗಡಿಯ ನೆಲದ ಮೇಲೆ ಚೆನ್ನಾಗಿಯೇ ಓಡಿತು.

ಕಾರಣ ಯಂತ್ರದ ಹೊಟ್ಟೆಯ ಕೆಳಗಿದೆ. ಮೆಟ್ಟಿಲಿನಿಂದ ಉರುಳಿ ಬೀಳಬಾರದೆಂದು ಅಂಚಿಗೆ ಸೆನ್ಸರ್ ಕೂರಿಸಿರುತ್ತಾರೆ. ಅವು ಕಣ್ಣಿಗೆ ಕಾಣದ ಅತಿಕೆಂಪು ಬೆಳಕನ್ನು ನೆಲಕ್ಕೆ ಬಿಡುತ್ತವೆ. ಬೆಳಕು ತಿರುಗಿ ಬಂದರೆ ಕೆಳಗೆ ನೆಲ ಇದೆ, ಬರದಿದ್ದರೆ ಇಲ್ಲ. ಕರಿಕಲ್ಲು ಆ ಬೆಳಕನ್ನು ನುಂಗುತ್ತದೆ. ಯಂತ್ರದ ಲೆಕ್ಕದಲ್ಲಿ ಆ ಅಡಿಗೆಮನೆ ಒಂದು ಬಾವಿ.

ಸೆನ್ಸರ್ ಮೇಲೆ ಬಿಳಿ ಕಾಗದ ಅಂಟಿಸಿದರೆ ಕಡಪಾ ಮೇಲೂ ಓಡುತ್ತದೆ. ಯಾರೋ ಹೇಳಿಕೊಟ್ಟು ಆ ಮನೆಯ ಹುಡುಗ ಅಂಟಿಸಿಯೂ ಬಿಟ್ಟಿದ್ದ. ಹಾಗೆ ಮಾಡಿದರೆ ನಿಜವಾದ ಮೆಟ್ಟಿಲೂ ಅದಕ್ಕೆ ಕಾಣುವುದಿಲ್ಲ. ಪಡಸಾಲೆಯಿಂದ ಅಂಗಳಕ್ಕೆ ಎರಡು ಮೆಟ್ಟಿಲಿರುವ ಮನೆ ಅದು, ಅಂಗಳದಲ್ಲಿ ಕೂಸು ಆಡುತ್ತಿರುತ್ತದೆ. ಕಾಗದ ತೆಗೆಸಿದೆವು. ಅಡಿಗೆಮನೆಗೆ ಈಗಲೂ ಕಸಬರಿಗೆಯೇ. ಅತಿ ಹೆಚ್ಚು ಕಸ ಬೀಳುವುದು ಅಲ್ಲೇ: ಜೋಳದ ಹಿಟ್ಟು, ಉಳ್ಳಾಗಡ್ಡಿ ಸಿಪ್ಪೆ, ಒಗ್ಗರಣೆಯ ಸಾಸಿವೆ. ಅದೊಂದು ಕೋಣೆ ಬಿಟ್ಟು ಉಳಿದದ್ದೆಲ್ಲ ಗುಡಿಸುವ ಯಂತ್ರವನ್ನು ರೊಕ್ಕ ಹಾಳು ಅನ್ನದೆ ಮತ್ತೇನು ಅಂದಾರು?

*

ನಮ್ಮೂರಿನ ಧೂಳಿಗೆ ಈ ಯಂತ್ರ ಹೊಂದುತ್ತದೆಯೇ? ಊರಿನ ಪೂರ್ವಕ್ಕೆ ಎರೆಭೂಮಿ, ಒಣಗಿದರೆ ಹಿಟ್ಟಿನಷ್ಟು ಸಣ್ಣ. ಚನ್ನಮ್ಮ ಸರ್ಕಲ್ ಕಡೆಯ ಮೇಲ್ಸೇತುವೆ ಕೆಲಸ, ಅಗೆದು ಮುಚ್ಚಿದ ರಸ್ತೆಗಳು, ಬೇಸಿಗೆಯ ಗಾಳಿ. ಮುಂಜಾನೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯಬಹುದು.

ಯಂತ್ರ ಮುಂದೆ ಹೀರುತ್ತ, ಹಿಂದೆ ಒದ್ದೆ ಅರಿಬೆ ಎಳೆಯುತ್ತ ಒಂದೇ ಸುತ್ತಿನಲ್ಲಿ ಎರಡೂ ಕೆಲಸ ಮಾಡುತ್ತದೆ. ಧೂಳು ಕಡಿಮೆಯಿದ್ದ ದಿನ ಇದು ಛಲೋ. ಗಾಳಿ ಬೀಸಿದ ಮರುದಿನ ಹೀರಿ ಉಳಿದ ಧೂಳು ಅರಿಬೆಗೆ ಸಿಕ್ಕಿ ಫರಸಿಯ ಮೇಲೆ ಕೆಸರಿನ ಗೆರೆ ಎಳೆಯುತ್ತದೆ. ಅಪಾರ್ಟ್‌ಮೆಂಟಿನ ವೈನಿ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ: ಅಂಥ ದಿನ ಅರಿಬೆ ಬಿಚ್ಚಿಟ್ಟು ಬರೇ ಹೀರಿಸುವುದು, ಡಬ್ಬಿ ಖಾಲಿ ಮಾಡುವುದು, ಆಮೇಲೆ ಅರಿಬೆ ಹಚ್ಚಿ ಬಿಡುವುದು. ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ತೊಳೆಯಬಹುದಾದ ಫಿಲ್ಟರ್ ಆದರೂ ಪೂರ್ತಿ ಒಣಗದೆ ಹಾಕಬಾರದು.

ಯಂತ್ರವನ್ನು ಬೋರಲು ಹಾಕಿ ಬ್ರಷ್ ಬಿಚ್ಚುವುದನ್ನು ಹತ್ತಿರ ಕೂತು ನೋಡಿದೆ. ಉರುಳೆಗೆ ಉದ್ದ ಕೂದಲು ಸುತ್ತಿ ಹುರಿಯಾಗಿತ್ತು. ಅದರೊಳಗೆ ಇಳಕಲ್ ಸೀರೆಯ ಕೆಂಪು ರೇಷ್ಮೆ ಎಳೆ, ಒಂದು ಚುರುಮುರಿ ಕಾಳು, ಕುಂಕುಮದ ಪುಡಿ, ಅರಿಷಿಣದಿಂದ ಹಳದಿಯಾದ ಹತ್ತಿಯ ಬತ್ತಿ. ವೈನಿ ಕತ್ತರಿಯಿಂದ ಕೂದಲು ಸೀಳಿ, ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಚಕ್ರ ಉಜ್ಜಿದರು. ಇದು ವಾರಕ್ಕೊಮ್ಮೆಯಾದರೂ ಆಗಬೇಕಾದ ಕೆಲಸ.

ಒಣಗಿದ ಸಾರಿನ ಕಲೆ, ಹಾಲು ಉಕ್ಕಿದ ಕಲೆ ಇದರಿಂದ ಹೋಗುವುದಿಲ್ಲ. ಅದಕ್ಕೆ ಕೈಯೇ ಬೇಕು.

*

ನೀರಿನ ವಿಷಯದಲ್ಲಿ ಜಾಹೀರಾತಿನಲ್ಲಿ ಕಾಣದ ಒಂದು ಲಾಭ ಕಂಡೆ. ನಮ್ಮೂರಿಗೆ ನೀರು ಬರುವುದು ಮಲಪ್ರಭೆಯಿಂದ, ಸವದತ್ತಿಯ ನವಿಲುತೀರ್ಥದ ಜಲಾಶಯದಿಂದ. ಜೊತೆಗೆ ನೀರಸಾಗರ. 24 ತಾಸು ನೀರು ಕೊಡುವ ಪ್ರಯೋಗ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಲ್ಲೇ ಶುರುವಾಯಿತು. ಆದರೂ ಎಷ್ಟೋ ಓಣಿಗಳು ನಳದ ಸರದಿ ಕಾಯುವುದು ತಪ್ಪಿಲ್ಲ. ಬಕೀಟು ಇಟ್ಟು ಮನೆ ಒರೆಸಿದರೆ ಎರಡು ಬಕೀಟು ನೀರು ಬೇಕು. ಯಂತ್ರದ ಟಾಕಿಗೆ ಹಿಡಿಯುವುದು ಒಂದು ತಂಬಿಗೆಗಿಂತ ಕಡಿಮೆ, 200-300 ಮಿಲಿಲೀಟರ್. ಅರಿಬೆ ಹಿಂಡಲು ಇನ್ನೊಂದಿಷ್ಟು. ನಳ ಬರುವ ಹಿಂದಿನ ದಿನ, ಹಂಡೆಯ ತಳ ಕಾಣುವಾಗ, ಇದರ ಬೆಲೆ ಗೊತ್ತಾಗುತ್ತದೆ. ದುಬಾರಿ ನಮೂನೆಗಳಲ್ಲಿ ಅರಿಬೆ ತಾನೇ ತೊಳೆದುಕೊಳ್ಳುವ ನಿಲ್ದಾಣ ಇರುತ್ತದೆ, ಅದು ಲೀಟರುಗಟ್ಟಲೆ ನೀರು ಕೇಳುತ್ತದೆ. ಲಕ್ಷದ ಹತ್ತಿರ ಕೊಟ್ಟು ತಂದದ್ದಕ್ಕಿಂತ ಇಪ್ಪತ್ತು ಸಾವಿರದ ಆಸುಪಾಸಿನದೇ ನಮ್ಮ ಓಣಿಗೆ ಸರಿ ಎಂದು ನನ್ನ ಎಣಿಕೆ.

ಕರೆಂಟಿನ ಮಾತು ಬೇರೆ. ಹೆಸ್ಕಾಂ ಲೈನ್ ಹೋದಾಗ ಯಂತ್ರ ಬ್ಯಾಟರಿಯ ಮೇಲೆ ಓಡುತ್ತಲೇ ಇರುತ್ತದೆ. ಆದರೆ ಚಾರ್ಜ್ ಆಗಲು ಹೋಗಿ ನಿಲ್ಲುವ ನಿಲ್ದಾಣಕ್ಕೆ ಕರೆಂಟಿಲ್ಲದಿದ್ದರೆ ಅದು ಕರೆಯುವ ಅತಿಕೆಂಪು ಬೆಳಕೂ ಇಲ್ಲ. ಕೆಲಸ ಮುಗಿಸಿದ ಯಂತ್ರ ಮನೆ ಹುಡುಕುತ್ತ ಸುತ್ತಿ ಸುತ್ತಿ ಎಲ್ಲೋ ಸುಸ್ತಾಗಿ ನಿಲ್ಲುತ್ತದೆ. ಎದುರು ಮನೆಯಲ್ಲಿ ಮಂಚದ ಕೆಳಗೆ, ಗೋಡೆಯ ಬುಡದಲ್ಲಿ ನಿಂತಿತ್ತು. ಕೋಲು ಹಾಕಿ ಎಳೆಯಬೇಕಾಯಿತು.

*

ಆ ಅಜ್ಜಿಯ ಬಗ್ಗೆ ಬರೆಯಬೇಕು. ಮೊಣಕಾಲು ಪೂರ್ತಿ ಹೋಗಿವೆ. ಆಕೆಯ ಮಂಚದ ಕೆಳಗೆ ಟ್ರಂಕು ತೆಗೆದ ಮೇಲೆ ಯಂತ್ರ ದಿನಾ ಹೋಗಿ ಬರುತ್ತದೆ. ಯಾರ ಕಸಬರಿಗೆಯೂ ಗೋಡೆಯತನಕ ಮುಟ್ಟದಿದ್ದ ಜಾಗ ಅದು. ಧೂಳಿಗೆ ಬರುತ್ತಿದ್ದ ರಾತ್ರಿಯ ಕೆಮ್ಮು ಕಡಿಮೆಯಾಗಿದೆ ಎಂದು ಅಜ್ಜಿ ಹೇಳುತ್ತಾಳೆ. ಯಂತ್ರ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಅಜ್ಜಿಗೆ ಒಂದಕ್ಷರ ತಿಳಿಯದು, ಆದರೆ ದನಿಯ ಏರಿಳಿತದಿಂದಲೇ ಕಂಡುಹಿಡಿಯುತ್ತಾಳೆ. ಮಾತು ಗಿಡ್ಡ ಇದ್ದರೆ ಕೆಲಸ ಮುಗಿದಿದೆ, ಉದ್ದ ಇದ್ದರೆ ಎಲ್ಲೋ ಸಿಕ್ಕಿಕೊಂಡಿದೆ. “ಮಾವಿನ ತೋರಣದ ದಾರ ಸುತಗೊಂಡೈತಿ ನೋಡಪಾ, ಬಿಡಸ ಅದನ್ನ” ಎಂದು ಕೂತಲ್ಲಿಂದಲೇ ಮೊಮ್ಮಗನನ್ನು ಕರೆಯುತ್ತಾಳೆ. ಹೋಗಿ ನೋಡಿದರೆ ಅದೇ ಆಗಿರುತ್ತದೆ.

ದೀಪ ಹಚ್ಚಿದ ಮೇಲೆ ಕಸ ಹೊಡೆಯಬಾರದು ಎಂಬುದನ್ನೂ ಯಂತ್ರಕ್ಕೆ ಕಲಿಸಲಾಗಿದೆ: ಸಂಜೆ ಏಳಕ್ಕಿದ್ದ ವೇಳೆಯನ್ನು ಮುಂಜಾನೆ ಹತ್ತಕ್ಕೆ ಬದಲಿಸಿದ್ದಾರೆ. ದೇವರ ಜಗಲಿಯ ಮುಂದಿನ ರಂಗೋಲಿಯನ್ನು ಅದು ಒಮ್ಮೆ ಪೂರ್ತಿ ಹೀರಿತ್ತು. ಈಗ ಫೋನಿನ ನಕ್ಷೆಯಲ್ಲಿ ಅಲ್ಲೊಂದು ಕೆಂಪು ಚೌಕ ಹಾಕಿದ್ದಾರೆ. ಚೌಕದ ಅಂಚಿಗೆ ಬಂದು ಸುತ್ತಿಕೊಂಡು ಹೋಗುತ್ತದೆ, ರಂಗೋಲಿಯ ಒಂದು ಎಳೆಯೂ ಅಳಿಸುವುದಿಲ್ಲ.

*

ಯಂತ್ರಕ್ಕೆ ಬೇಕಾದದ್ದು ಖಾಲಿ ನೆಲ. ನಮ್ಮ ಮನೆಗಳಲ್ಲಿ ನೆಲ ಖಾಲಿ ಇರುವುದೇ ಅಪರೂಪ. ಕೂತು ಉಣ್ಣುವುದು ನೆಲದ ಮೇಲೆ, ಸೊಪ್ಪು ಸೋಸುವುದು ನೆಲದ ಮೇಲೆ, ಶಾಂಡಿಗೆ ಹಪ್ಪಳ ಆರುವುದು ನೆಲದ ಮೇಲೆ. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆಗೆ ಬಂದ ಬೀಗರು-ಬಿಜ್ಜರು ಪಡಸಾಲೆ ತುಂಬ ಜಮಖಾನೆ ಹಾಸಿ ಮಲಗುತ್ತಾರೆ. ಆ ದಿನಗಳಲ್ಲಿ ಯಂತ್ರ ಅಟ್ಟದ ಮೇಲೆ.

*

ನನಗೆ ಇನ್ನೂ ಅರ್ಥವಾಗದ್ದು ಇದು. ಹುಟ್ಟಿ ಬುದ್ಧಿ ಬಂದಾಗಿನಿಂದ ಕಸಬರಿಗೆ ಮುಟ್ಟದ ಗಂಡಸರು ಈಗ ನೆಲದ ಬಗ್ಗೆ ಮಾತಾಡುತ್ತಾರೆ. ಕಾಕಾ ಡಬ್ಬಿಯ ಕಸ ಚೆಲ್ಲುತ್ತಾರೆ. ಅವರ ಮಗ ಅರಿಬೆ ತೊಳೆದು ಹಗ್ಗಕ್ಕೆ ಹಾಕುತ್ತಾನೆ. ಯಂತ್ರ ಬಂದದ್ದಕ್ಕೆ ಹೆಂಗಸರ ಕೆಲಸ ಕಡಿಮೆಯಾಯಿತೋ, ಕೆಲಸ ಫೋನಿನೊಳಗೆ ಹೋದದ್ದಕ್ಕೆ ಗಂಡಸರಿಗೆ ಅದು ಕೆಲಸವಾಗಿ ಕಂಡಿತೋ? ಕಾಕೂ ಅವರನ್ನು ಕೇಳಿದೆ. “ಯಾಕರ ಆಗ್ಲಿ, ಮಾಡಾಕತ್ತಾರಲ್ಲ, ಅಷ್ಟ ಸಾಕು” ಅಂದರು. ಈ ಒಂದು ಬದಲಾವಣೆ ನನ್ನ ಮಟ್ಟಿಗೆ ಯಂತ್ರದ ಎಲ್ಲ ದೋಷಗಳಿಗಿಂತ ತೂಕದ್ದು.

*

ಎರಡು ಎಚ್ಚರಿಕೆ. ಕ್ಯಾಮೆರಾ ಇರುವ ನಮೂನೆ ಬೇಡ. ಐರೋಬೋಟ್ ಪರೀಕ್ಷೆಗೆ ಬಿಟ್ಟಿದ್ದ ಯಂತ್ರಗಳು ಮನೆಯೊಳಗೆ ತೆಗೆದ ಚಿತ್ರಗಳು, ಶೌಚಾಲಯದಲ್ಲಿ ಕೂತ ಹೆಂಗಸಿನದೂ ಸೇರಿ, ಅವನ್ನು ಗುರುತು ಹಚ್ಚುವ ಗುತ್ತಿಗೆ ಕೆಲಸಗಾರರ ಕೈಯಿಂದ ಹೊರಗೆ ಹೋದದ್ದನ್ನು ಎಂಐಟಿ ಟೆಕ್ನಾಲಜಿ ರಿವ್ಯೂ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಪರೀಕ್ಷೆಗೆ ಒಪ್ಪಿ ಸಹಿ ಹಾಕಿದವರ ಮನೆಗಳವು ಎಂದು ಕಂಪನಿ ಹೇಳಿತು. ಲೇಸರ್ ನಮೂನೆಗೆ ಗೋಡೆ ಕಾಣುತ್ತದೆ, ಮುಖ ಕಾಣುವುದಿಲ್ಲ.

ಇನ್ನೊಂದು, ರಿಪೇರಿ. ಅದೇ ಐರೋಬೋಟ್ 2025ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು, ತನಗೆ ಯಂತ್ರ ಮಾಡಿಕೊಡುತ್ತಿದ್ದ ಚೀನಾದ ಕಂಪನಿಯ ಪಾಲಾಗುವ ದಾರಿ ಹಿಡಿಯಿತು. ಅಷ್ಟು ದೊಡ್ಡ ಹೆಸರಿನ ಗತಿಯೇ ಹೀಗಾದರೆ, ಬ್ಯಾಟರಿ, ಬ್ರಷ್, ಚಕ್ರ ನಾಲ್ಕು ವರ್ಷದ ನಂತರ ಯಾರು ಕೊಡುತ್ತಾರೆ ಎಂದು ಕೇಳಿಯೇ ಕೊಳ್ಳಬೇಕು. ಮಿಕ್ಸರ್ ಕೆಟ್ಟರೆ ಓಣಿಯ ತುದಿಯಲ್ಲೇ ರಿಪೇರಿಯಾಗುತ್ತದೆ, ಇದರ ಬೋರ್ಡು ಹೋದರೆ ಆಗುವುದಿಲ್ಲ.

*

ಮೂಲೆಮನೆಗೂ ಅಪಾರ್ಟ್‌ಮೆಂಟಿಗೂ ಕೆಲಸಕ್ಕೆ ಬರುವ ತಾಯಿಯನ್ನು ಕೇಳಿದೆ, ಯಂತ್ರ ಬಂದದ್ದಕ್ಕೆ ಬೇಸರವೇ ಎಂದು. “ಬಗ್ಗಿ ಒರಸೋದು ತಪ್ಪಿದ್ರ ಛಲೋನ ರೀ, ನಡ ಉಳೀತೈತಿ. ಪಗಾರ ಕಡದ್ರ ಅಷ್ಟ ತ್ರಾಸ” ಅಂದರು. ಒಂದು ಮನೆಯಲ್ಲಿ ಒರೆಸುವುದು ನಿಂತ ತಿಂಗಳೇ ಪಗಾರದಲ್ಲಿ ಕಡಿತವಾಗಿದೆ. ಭಾಂಡೆ, ಅರಿಬೆ, ಕರಿಕಲ್ಲಿನ ಅಡಿಗೆಮನೆ, ಯಂತ್ರ ಹೋಗದ ಮೂಲೆ ಎಲ್ಲ ಅವರ ಪಾಲಿಗೇ ಉಳಿದಿವೆ. ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಕರ್ನಾಟಕ 2004ರಲ್ಲೇ ಸೇರಿಸಿದೆ. ನಮ್ಮ ಓಣಿಯಲ್ಲಿ ಪಗಾರ ಇಂದಿಗೂ ಬಾಯಿಮಾತಿನ ಮೇಲೆ ನಡೆಯುತ್ತದೆ.

ಕೊಳ್ಳುವವರಿದ್ದರೆ ಹೊಸ್ತಿಲ ಎತ್ತರ ಅಳೆಯಿರಿ, ನೆಲದ ಬಣ್ಣ ನೋಡಿಕೊಳ್ಳಿ, ನಿಮ್ಮ ಮನೆಯ ನೆಲದ ಮೇಲೆ ಓಡಿಸಿ ತೋರಿಸುವ ಅಂಗಡಿಯಲ್ಲೇ ಕೊಳ್ಳಿ. ಮೊಣಕಾಲು ನೋವಿನವರು ಮನೆಯಲ್ಲಿದ್ದರೆ ತಡಮಾಡಬೇಡಿ. ಯಂತ್ರಕ್ಕೆ ಸಾವಿರಗಟ್ಟಲೆ ಕೊಟ್ಟ ಮೇಲೆ ಕೆಲಸದ ತಾಯಿಯ ಪಗಾರದಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಹಿಡಿಯಬೇಡಿ.