ಅಗ್ಗದ ಟಿಕೆಟ್ಟು, ನಾಲ್ಕು ದಿನ

ಅಗ್ಗ ಎಂಬ ಎರಡಕ್ಷರಕ್ಕೆ ಮನುಷ್ಯನ ಮೇಲಿರುವ ಪ್ರಭುತ್ವವನ್ನು ಬಲ್ಲವರೇ ಬಲ್ಲರು. ಒಂದು ಸೀರೆಗೆಂದು ಚಿಕ್ಕಪೇಟೆಗೆ ಹೋದ ಗೃಹಿಣಿ ಮೂರನ್ನು ಹೊತ್ತು ತರುವುದು ಈ ಮಾಯೆಯಿಂದಲೇ. ಯೂರೋಪಿನಲ್ಲಿ ನೆಲೆಸಿರುವ ನಮ್ಮ ಹುಡುಗರು ಮೊದಲು ವಿಮಾನದ ಟಿಕೆಟ್ಟು ಕೊಂಡು, ಆಮೇಲೆ ಅಲ್ಲಿ ನೋಡತಕ್ಕದ್ದೇನೆಂದು ಯೋಚಿಸುವುದೂ ಅದರಿಂದಲೇ.

ಈ ಅಗ್ಗದ ವಿಮಾನಗಳಿಗೆ ಒಂದು ಗುಣವುಂಟು: ಹೇಳುವ ಊರು ಒಂದು, ಇಳಿಸುವ ಊರು ಮತ್ತೊಂದು. ಪ್ಯಾರಿಸ್ ಎಂದು ಹತ್ತಿದವರು ಅಲ್ಲಿಂದ ಸುಮಾರು 80 ಕಿಲೋಮೀಟರು ದೂರದ ಬೋವೇಯಲ್ಲಿ ಕಣ್ಣು ಬಿಡಬೇಕಾದೀತು. ಮಿಲಾನ್ ಎಂದವರು ಇಳಿಯುವುದು ಸುಮಾರು 50 ಕಿಲೋಮೀಟರು ಆಚೆ, ಬೆರ್ಗಾಮೋ ಪಟ್ಟಣದ ಮಗ್ಗುಲಿನ ಓರಿಯೋ ಅಲ್ ಸೇರಿಯೋದಲ್ಲಿ. ರಾಮನಗರದಲ್ಲಿ ಇಳಿಸಿ ‘ಬೆಂಗಳೂರು ಬಂತು’ ಎಂದಂತೆ!

ಲಂಡನ್ನಿನ ಮಗನ ಮನೆಗೆ ಹೋಗಿದ್ದ ಮೈಸೂರಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಕೈಗೆ ಇಂಥ ಎರಡು ಟಿಕೆಟ್ಟು ಬಂದವು. ಇರುವುದು ನಾಲ್ಕು ದಿನ. ಮೂವತ್ತು ವರ್ಷ ಇತಿಹಾಸ ಬೋಧಿಸಿದವರು ಸುಮ್ಮನಿದ್ದಾರೆಯೇ? ಅಡಿಪಟ್ಟಿ ಹಿಡಿದು ಗೆರೆ ಎಳೆದು, ಶಾಲೆಯ ವೇಳಾಪಟ್ಟಿಯಂತೆ ಮನೆಮನೆ ಮಾಡಿದರು. ಮೊದಲ ದಿನ ಮಿಲಾನ್, ಎರಡನೆಯ ದಿನ ವೆರೋನಾ, ಮೂರನೆಯ ದಿನ ವೆನಿಸ್, ನಾಲ್ಕನೆಯ ದಿನ ಮತ್ತೆ ಬೆರ್ಗಾಮೋ. ಕಾಫಿಗೂ ಇಪ್ಪತ್ತು ನಿಮಿಷ ಗೊತ್ತಾಗಿತ್ತು.

ಪತ್ನಿ ಕನ್ನಡಕ ಏರಿಸಿ ಓದಿದರು.

“ಎಲ್ಲಾ ಸರಿ, ಇದರಲ್ಲಿ ಗಂಟೆ ಬಾರಿಸೋರು ಯಾರೂಂದ್ರೆ?”

ಮಗ ನಕ್ಕ. ಯಜಮಾನರು ನಗಲಿಲ್ಲ. ಆಕೆ ಮಂಡಿಯನ್ನು ನೀವಿಕೊಳ್ಳುತ್ತ ಮೆಲ್ಲಗೆ ಹೇಳಿದರು: “ನನಗೆ ಆ ನೀರಿನ ಮೇಲಿನ ಊರು ಒಂದು ತೋರಿಸಿ, ಸಾಕು. ಇನ್ನೊಂದು ಸಲ ಬರೋ ಯೋಗ ಇದೆಯೋ ಇಲ್ಲವೋ.”

ಆ ಮಾತಿನ ಮುಂದೆ ವೇಳಾಪಟ್ಟಿ ನಿಲ್ಲಲಿಲ್ಲ. ಭೂಪಟ ಹೊರಬಿತ್ತು. ಆಗ ಕಂಡ ಮೊದಲ ಸಂಗತಿಯೆಂದರೆ, ಬೆರ್ಗಾಮೋ ಇರುವುದು ಮಿಲಾನಿನ ಪೂರ್ವಕ್ಕೆ; ವೆನಿಸ್ ಇನ್ನೂ ಪೂರ್ವಕ್ಕೆ. ಮೊದಲು ಪಶ್ಚಿಮಕ್ಕೆ ಓಡಿ, ಮತ್ತೆ ಬಂದ ದಾರಿಯಲ್ಲೇ ಹಿಂದಿರುಗುವುದು ಎತ್ತಣ ಜಾಣತನ? ಬೆರ್ಗಾಮೋದಿಂದ ಬ್ರೆಷಾ ಮಾರ್ಗವಾಗಿ ರೈಲು ಹಿಡಿದರೆ ವೆರೋನಾ. ಅಲ್ಲಿಂದ ವೇಗದ ರೈಲಿನಲ್ಲಿ ಗಂಟೆಗಿಂತ ತುಸು ಹೆಚ್ಚು ಕಳೆದರೆ ವೆನಿಸ್. ಈ ವಿಮಾನಗಳು ಹೋಗುವ ಟಿಕೆಟ್ಟನ್ನೂ ಬರುವ ಟಿಕೆಟ್ಟನ್ನೂ ಬೇರೆಬೇರೆಯಾಗಿಯೇ ಮಾರುವುದರಿಂದ, ಒಂದೂರಿನಲ್ಲಿ ಇಳಿದು ಇನ್ನೊಂದೂರಿನಲ್ಲಿ ಹತ್ತಿದರೆ ದಂಡವಿಲ್ಲ. ವೆನಿಸಿನಿಂದ ಸುಮಾರು 30 ಕಿಲೋಮೀಟರು ದೂರದ ಟ್ರೆವೀಸೋದಲ್ಲಿಯೂ ಅಂಥದೇ ನಿಲ್ದಾಣವುಂಟು.

ಆದರೆ ಮಿಲಾನ್? ಲಿಯೊನಾರ್ಡೊ 1495ರಿಂದ 1498ರವರೆಗೆ ಗೋಡೆಯ ಮೇಲೆ ಬರೆದ ‘ಕಡೆಯ ಭೋಜನ’ವನ್ನು ಕಾಣುವುದು ಯಜಮಾನರ ಬಹುದಿನದ ಆಸೆ. ಅಲ್ಲಿ ಒಮ್ಮೆಗೆ ಕೆಲವೇ ಮಂದಿಗೆ, ಹದಿನೈದೇ ನಿಮಿಷ ಪ್ರವೇಶ, ಸೋಮವಾರ ರಜೆ, ಬಹಳ ಮುಂಚೆ ಕಾದಿರಿಸದಿದ್ದರೆ ಬಾಗಿಲಿನಿಂದಲೇ ನಮಸ್ಕಾರ. ಮಗ ಹುಡುಕಿ ನೋಡಿದ. ಆ ವಾರ ಸ್ಥಳವಿರಲಿಲ್ಲ. ಯಜಮಾನರು ತುಸು ಹೊತ್ತು ಮೌನವಾಗಿದ್ದು, ಮಿಲಾನಿನ ಮೇಲೆ ತಾವೇ ಗೆರೆ ಎಳೆದರು.

ಉಳಿದ ಮೂರು ಊರುಗಳನ್ನು ನೋಡುತ್ತ ಅವರ ಮುಖ ಅರಳಿತು. 1405ರಲ್ಲಿ ವೆರೋನಾ, 1428ರಲ್ಲಿ ಬೆರ್ಗಾಮೋ ವೆನಿಸ್ ಗಣರಾಜ್ಯಕ್ಕೆ ಸೇರಿ, 1797ರಲ್ಲಿ ಅದು ನೆಪೋಲಿಯನ್ನನ ಮುಂದೆ ಕುಸಿಯುವ ತನಕ ಅದರ ಅಧೀನವಾಗಿದ್ದುವು. ಮಿಲಾನಿನ ಕಡೆಯ ಗಡಿಯಾದ ಬೆರ್ಗಾಮೋದ ಮೇಲೂರಿನ ಸುತ್ತ ವೆನಿಸಿನವರು 1561ರಲ್ಲಿ ಕಟ್ಟತೊಡಗಿದ ಕೋಟೆಗೋಡೆ 2017ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಗಡಿಯಿಂದ ರಾಜಧಾನಿಗೆ ಒಂದೇ ಕಥೆ, ಒಂದೇ ದಾರಿ! ಬೆಟ್ಟದ ಮೇಲಿನ ಆ ಊರಿಗೆ 1887ರಿಂದ ಹಗ್ಗದಿಂದೆಳೆಯುವ ಬಂಡಿಯಿರುವುದರಿಂದ ಮಂಡಿಗೂ ಅಭಯ. ವೆರೋನಾದಲ್ಲಿ ಒಂದನೆಯ ಶತಮಾನದ ರೋಮನ್ ರಂಗಸ್ಥಳ. ಅದು ಯಜಮಾನರ ಪಾಲಿಗೆ ಎಂದು ಪತ್ನಿಯೇ ತೀರ್ಪಿತ್ತರು.

ಮುಂದೆ ಹಣದ ಲೆಕ್ಕ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಇಲ್ಲಿಯಷ್ಟು ಒಪ್ಪುವುದು ಬೇರೆಲ್ಲೂ ಇಲ್ಲ. ಸೀಟಿನಡಿ ಹಿಡಿಯುವ ಕೈಚೀಲವೊಂದು ಪುಕ್ಕಟೆ. ಅದಕ್ಕೆ ಮಿಗಿಲಾದ ಪ್ರತಿ ಪೆಟ್ಟಿಗೆಗೂ ದರವುಂಟು. ಮುಂಜಾನೆಯ ವಿಮಾನಕ್ಕೆ ನಡುರಾತ್ರಿಯ ಟ್ಯಾಕ್ಸಿ. ಬೆಂಗಳೂರಿನಲ್ಲೇ ಮಾಡಿಸಿದ್ದ ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ ತಲೆಗೆ 90 ಯೂರೋ. 2024ರ ವಸಂತದಿಂದ ವೆನಿಸ್ ನಗರವು ಗೊತ್ತಾದ ಕೆಲವು ದಿನಗಳಲ್ಲಿ, ಬಂದ ದಿನವೇ ಹಿಂದಿರುಗುವವರಿಂದ ಪ್ರವೇಶಶುಲ್ಕ ಪಡೆಯತೊಡಗಿತು. ಅಲ್ಲೇ ತಂಗುವವರಿಗೆ ಆ ಶುಲ್ಕವಿಲ್ಲ, ವಸತಿಯ ತೆರಿಗೆಯುಂಟು. ಮೆಟ್ಟಿಲು ಸೇತುವೆಗಳ ಆ ಊರಿನಲ್ಲಿ ಅವಸರ ಸಲ್ಲದೆಂದು, ಕಡೆಯ ಎರಡು ರಾತ್ರಿಗಳನ್ನೂ ವೆನಿಸಿಗೇ ಮೀಸಲಿಟ್ಟರು. ತಿರುಗಾಟಕ್ಕೆ ಸಾರ್ವಜನಿಕ ದೋಣಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಹಣಕ್ಕೆ ಮಾತ್ರವಲ್ಲ, ದಿನಕ್ಕೂ, ದೇಹಕ್ಕೂ ಸಲ್ಲುತ್ತದೆ. ಟಿಕೆಟ್ಟಿನ ಬೆಲೆಯನ್ನು ಎಲ್ಲರೂ ನೋಡುತ್ತಾರೆ. ಜೊತೆಗೆ ಬರುವವರ ಮಂಡಿಯನ್ನೂ ಮನಸ್ಸನ್ನೂ ನೋಡಿ ಗೆರೆ ಎಳೆಯುವವರು ಕೆಲವರೇ. ಭೂಪಟದ ಮೇಲೆ ಒಂದೂರು ಕಳೆದರೆ ನಷ್ಟವೇನಿಲ್ಲ. ಅದು ಇನ್ನೊಂದು ಅಗ್ಗದ ಟಿಕೆಟ್ಟಿಗೆ ಕಾದಿದ್ದೀತು.